ಲಿಫ್ಟಿನ ಮುಂದಿನ ತಟ್ಟೆ

ಅಮಿರಾನ್ ಕಂಕಾವ ಕರಿ ಕೋಟಿನ ಒಳಜೇಬಿಗೆ ಕೈ ಹಾಕಿ ನೂರರ ಗರಿಗರಿ ನೋಟೊಂದನ್ನು ತೆಗೆದ. ಲಿಫ್ಟಿನ ಮುಂದೆ ಸ್ಟೂಲಿನ ಮೇಲಿಟ್ಟಿದ್ದ ಪಿಂಗಾಣಿ ತಟ್ಟೆಗೆ ಅದನ್ನು ಹಾಕಿದ. ಹಾಕಿ, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ.

ಬಾಗಿಲಲ್ಲಿ ನಿಂತಿದ್ದ ಗಂಡಸರ ಮಾತು ಗಕ್ಕನೆ ನಿಂತಿತು. ಬೆಂಚಿನ ಮೇಲಿದ್ದ ದಾರಿಕೋ ಬಾಯಲ್ಲಿದ್ದ ಸೂರ್ಯಕಾಂತಿ ಬೀಜ ಅಗಿಯುವುದನ್ನೇ ಮರೆತಳು.

“ಬಡವರು ಅಂತ ಕೈ ಬಿಡೋಕಾಗುತ್ತಾ?” ಎಂದ ಕಂಕಾವ, ರಾಜಧಾನಿ ತ್ಬಿಲಿಸಿಯಿಂದ ಜೊತೆಗೆ ಕರೆತಂದಿದ್ದ ಟಿವಿಯವನ ಕಡೆ ತಿರುಗಿ. “ಈ ತಾಯಿಯ ಮನೆಗೆ ಬರ್ತಿರೋದು ಇದೇ ಮೊದಲ ಸಲ. ಬದುಕಿದ್ದಾಗ ಬರೋಕಾಗಲಿಲ್ವಲ್ಲ ಅಂತ ಹೊಟ್ಟೆ ಉರಿಯುತ್ತೆ.”

ಉರಿದದ್ದು ನನ್ನ ಹೊಟ್ಟೆ.

ಆ ತಟ್ಟೆಯಲ್ಲಿದ್ದದ್ದು ಹತ್ತು ಹತ್ತು ತೇತ್ರಿಯ ಪುಡಿಗಾಸು. ನಮ್ಮೂರಿನ ಲಿಫ್ಟು ಬಿಟ್ಟಿ ಹತ್ತಿಸಿಕೊಳ್ಳುವುದಿಲ್ಲ. ಒಳಗೆ ಗೋಡೆಗೆ ಬಡಿದಿರುವ ಕಬ್ಬಿಣದ ಡಬ್ಬಿಗೆ ನಾಣ್ಯ ಹಾಕದಿದ್ದರೆ ಗುಂಡಿ ಒತ್ತಿ ಒತ್ತಿ ಬೆರಳು ಸವೆಯಬೇಕಷ್ಟೆ. ಹತ್ತುವುದಕ್ಕೂ ಕಾಸು, ಇಳಿಯುವುದಕ್ಕೂ ಕಾಸು. ಯಾರದಾದರೂ ಮನೆಯಲ್ಲಿ ಸಾವಾದರೆ, ಹೆಣ ಮನೆಯಲ್ಲಿರುವಷ್ಟು ದಿನ ಆ ಮನೆಯವರು ಲಿಫ್ಟಿನ ಮುಂದೆ ತಟ್ಟೆಯಲ್ಲಿ ನಾಣ್ಯ ತುಂಬಿಡುತ್ತಾರೆ. ದುಃಖಕ್ಕೆ ಬಂದವರು ಕೈಯಿಂದ ಖರ್ಚು ಮಾಡಬಾರದು. ತಟ್ಟೆಯಿಂದ ಒಂದು ನಾಣ್ಯ ಎತ್ತಿಕೊಳ್ಳಬೇಕು, ಹತ್ತಬೇಕು. ನಮ್ಮೂರಿನಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಕಂಕಾವ ಅದನ್ನು ಭಿಕ್ಷೆಯ ತಟ್ಟೆ ಎಂದುಕೊಂಡಿದ್ದ.

ಗೋಚಾ ಪಾಪ, ಒಳ್ಳೆಯ ಮನಸ್ಸಿನಿಂದಲೇ ತಿಳಿಸಿಹೇಳಲು ಬಾಯಿ ತೆರೆದ. ನಾನು ಅವನ ಕಾಲು ತುಳಿದೆ. ಹಿಮ್ಮಡಿಯಿಂದ, ಜೋರಾಗಿ. ಅವನು ನನ್ನ ಮುಖ ನೋಡಿ ಬಾಯಿ ಮುಚ್ಚಿಕೊಂಡ.

ಈ ಗೋಚಾನ ಹೆಂಡತಿ ಇರ್ಮಾಳೇ ಈಗ ಜೈಲಿನಲ್ಲಿರುವುದು. ಒಂಬತ್ತನೇ ಮಹಡಿಯ ಮುದುಕಿ ನಾನುಲಿಯನ್ನು ಮನೆಯ ಆಸೆಗೆ ಮೆಟ್ಟಿಲಿಂದ ತಳ್ಳಿ ಕೊಂದಳು ಎಂದು ಪೊಲೀಸರ ಲೆಕ್ಕ. ಅಲ್ಲ ಎಂದು ತೋರಿಸಿಕೊಡಲು ಗೋಚಾ ಹಿಡಿದು ತಂದದ್ದು ನನ್ನನ್ನು, ಹಳೆಯ ಪೊಲೀಸರನ್ನೆಲ್ಲ ಒಂದೇ ಏಟಿಗೆ ಮನೆಗೆ ಕಳಿಸಿದಾಗ ಕೆಲಸ ಕಳೆದುಕೊಂಡ ಲಾಮಾರಾಳನ್ನು.

“ಬನ್ನಿ ಸಾಹೇಬ್ರೇ,” ಎಂದು ನಾನೇ ಮೊದಲು ಲಿಫ್ಟಿನೊಳಗೆ ನುಗ್ಗಿದೆ. ಡಬ್ಬಿಗೆ ಬೆನ್ನು ಕೊಟ್ಟು ನಿಂತು, ಕೈ ಹಿಂದೆ ಮಾಡಿ ನಾಣ್ಯ ಜಾರಿಸಿದೆ. ಅದು ಬಿದ್ದ ಸದ್ದು ಕೇಳದಿರಲೆಂದು ಜೋರಾಗಿ ಕೆಮ್ಮಿದೆ. ಕಂಕಾವ ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡು ಬಂದು ನಿಂತ. ಅವನ ಹಿಂದೆ ಕತ್ತೇ ಇಲ್ಲದ ಅಂಗರಕ್ಷಕ, ಕೊನೆಗೆ ಗೋಚಾ. ಟಿವಿಯವನು ಜಾಗ ಸಾಲದೆ ಕೆಳಗೇ ಉಳಿದ. ಒಳ್ಳೆಯದೇ ಆಯಿತು.

ನಾನು ಒಂಬತ್ತನ್ನು ಒತ್ತಿದೆ. ಲಿಫ್ಟು ನರಳುತ್ತ ಹೊರಟಿತು.

“ಇದನ್ನ ರಿಪೇರಿ ಮಾಡಿಸಬಾರದಾ ನೀವು?” ಎಂದ ಕಂಕಾವ.

“ಮಾಡಿಸಬಹುದಿತ್ತು. ಕಾರ್ಖಾನೆಯ ಲಿಫ್ಟ್ ವಿಭಾಗ ಅಂತ ಒಂದಿತ್ತು. ಅದನ್ನ ಯಾರೋ ಗುಜರಿಗೆ ಹಾಕಿಬಿಟ್ರು.”

ಆ ಯಾರೋ ನನ್ನ ಪಕ್ಕದಲ್ಲೇ ನಿಂತಿದ್ದ. ಕೇಳಿಸಲಿಲ್ಲವೆಂಬಂತೆ ಮಹಡಿಯ ಅಂಕಿ ನೋಡುತ್ತಿದ್ದ.

ಇವನನ್ನು ನಾನು ಬಲ್ಲೆ. ಸೋವಿಯತ್ ಕಾಲದಲ್ಲಿ ನಮ್ಮ ಉಕ್ಕಿನ ಕಾರ್ಖಾನೆಯ ಯುವಸಂಘದ ಕಾರ್ಯದರ್ಶಿ. ಮೇ ದಿನದ ಮೆರವಣಿಗೆಯಲ್ಲಿ ಮುಂದೆ ನಿಂತು ಕೆಂಪು ಬಾವುಟ ಹಿಡಿಯುತ್ತಿದ್ದವನು. ಕಾರ್ಖಾನೆ ಕಾರ್ಮಿಕರದು ಎಂದು ಇವನಷ್ಟು ಗಂಟಲು ಹರಿದುಕೊಂಡವರು ಇನ್ನೊಬ್ಬರಿಲ್ಲ. ಆಮೇಲೆ ಆ ಕಾಲ ಕುಸಿಯಿತು. ಸರ್ಕಾರ ಕಾರ್ಖಾನೆಯನ್ನು ಪಾಲು ಮಾಡಿ ಒಬ್ಬೊಬ್ಬ ಕಾರ್ಮಿಕನಿಗೂ ಒಂದೊಂದು ಪಾಲುಚೀಟಿ ಕೊಟ್ಟಿತು. ಆ ಚಳಿಗಾಲ ಊರಲ್ಲಿ ಕರೆಂಟಿರಲಿಲ್ಲ, ಬ್ರೆಡ್ಡಿಗೆ ಬೆಳಗಿನ ಜಾವವೇ ಸಾಲು. ಕಂಕಾವ ಲಾರಿಯೊಂದರಲ್ಲಿ ಹಿಟ್ಟಿನ ಮೂಟೆ ತುಂಬಿಕೊಂಡು ಬಂದ. ಒಂದು ಪಾಲುಚೀಟಿಗೆ ಒಂದು ಮೂಟೆ. ಹಸಿದವರು ಕೊಟ್ಟರು. ನಾನುಲಿಯೂ ಕೊಟ್ಟಳು, ನನ್ನ ತಾಯಿಯೂ ಕೊಟ್ಟಳು. ಹಿಟ್ಟು ಮುಗಿಯುವಷ್ಟರಲ್ಲಿ ಕಾರ್ಖಾನೆ ಅವನದಾಗಿತ್ತು.

ಕಳ್ಳತನ ಅನ್ನುವ ಹಾಗಿಲ್ಲ. ಎಲ್ಲ ಕಾನೂನಿನ ಪ್ರಕಾರವೇ ನಡೆಯಿತು. ಅದಕ್ಕೇ ಇವತ್ತಿಗೂ ನೆನೆದರೆ ನನಗೆ ಮೈ ಉರಿಯುತ್ತದೆ.

ಈಗ ಅವನಿಗೆ ಈ ಕಟ್ಟಡ ಬೇಕಾಗಿತ್ತು. ಕಾರ್ಮಿಕರಿಗೆಂದು ಕಟ್ಟಿದ ಒಂಬತ್ತು ಮಹಡಿ, ನಾಲ್ಕು ಬಾಗಿಲು, ಒಂದೊಂದು ಬಾಗಿಲಿಗೂ ಬೇರೆ ಮೆಟ್ಟಿಲು, ಬೇರೆ ಲಿಫ್ಟು. ಕೆಡವಿ ಗಾಜಿನ ಗೋಪುರ ಎಬ್ಬಿಸುತ್ತಾನಂತೆ. ಮೂರನೇ ಬಾಗಿಲಿನ ಮನೆಗಳನ್ನೆಲ್ಲ ಆಗಲೇ ಕೊಂಡು ಖಾಲಿ ಮಾಡಿಸಿದ್ದ. ನಾವು ಹತ್ತುತ್ತಿದ್ದದ್ದು ಎರಡನೇ ಬಾಗಿಲಿನ ಲಿಫ್ಟು. ಇಲ್ಲಿ ಎಲ್ಲರೂ ಒಬ್ಬೊಬ್ಬರಾಗಿ ಒಪ್ಪಿದರು, ನಾನುಲಿ ಒಬ್ಬಳು ಒಪ್ಪಲಿಲ್ಲ.

ನಾನುಲಿಗೆ ಮಕ್ಕಳಿಲ್ಲ. ಇರ್ಮಾ, ಗೋಚಾ ಇಬ್ಬರೂ ಅವಳ ಜೊತೆ ಇದ್ದು ನೋಡಿಕೊಳ್ಳಬೇಕು, ಅವಳ ನಂತರ ಮನೆ ಅವರಿಗೆ ಎಂದು ಬರೆದುಕೊಂಡಿದ್ದರು. ಮುದುಕರ ಪಿಂಚಣಿ ಔಷಧಿಗೂ ಸಾಲದ ನಮ್ಮೂರಿನಲ್ಲಿ ಇಂಥ ಒಪ್ಪಂದ ಮನೆಮನೆಯಲ್ಲಿದೆ. ಆದರೆ ನೋಡಿಕೊಳ್ಳಬೇಕಾದವಳೇ ಕೊಂದಳೆಂದು ಕೋರ್ಟು ಹೇಳಿದರೆ ಒಪ್ಪಂದ ಮುರಿದುಬೀಳುತ್ತದೆ. ಮನೆ ದೂರದ ಬತುಮಿ ಊರಿನಲ್ಲಿರುವ ಅವಳ ತಂಗಿಯ ಮಗನಿಗೆ. ಆ ಮಹಾಶಯ ಚಿಕ್ಕಂದಿನಿಂದ ದೊಡ್ಡಮ್ಮನ ಮುಖ ನೋಡಿದವನಲ್ಲ, ಕಂಕಾವನಿಗೆ ಮಾತ್ರ ಆಗಲೇ ಮಾತು ಕೊಟ್ಟಾಗಿದೆ.

ಇರ್ಮಾ ವಿರುದ್ಧ ಇದ್ದದ್ದು ಒಂದೇ ಸಾಕ್ಷಿ, ಅದೂ ಬಲವಾದದ್ದು. ದಾರಿಕೋ ಮತ್ತು ಅವಳ ಜೊತೆಗಾತಿಯರು ಬೆಳಗಿನಿಂದ ಕತ್ತಲಾಗುವವರೆಗೆ ಎರಡನೇ ಬಾಗಿಲ ಬೆಂಚು ಬಿಟ್ಟು ಏಳುವವರಲ್ಲ. ಅವತ್ತು ಹೊರಗಿನವರು ಯಾರೂ ಒಳಗೆ ಹೋಗಲಿಲ್ಲ, ಮಾರ್ಕೆಟ್ಟಿನಿಂದ ಬಂದ ಇರ್ಮಾ ಒಬ್ಬಳೇ ಮೇಲೆ ಹೋದಳು, ಸ್ವಲ್ಪ ಹೊತ್ತಿಗೆ ಅವಳ ಕಿರುಚಾಟ ಕೇಳಿತು ಎಂದು ಅವರೆಲ್ಲ ನಿಜವನ್ನೇ ಹೇಳಿದ್ದರು. ನಾನುಲಿ ಒಂಬತ್ತರಿಂದ ಎಂಟನೇ ಮಹಡಿಗೆ ಇಳಿಯುವ ಮೆಟ್ಟಿಲ ಕೆಳಗೆ ಬಿದ್ದಿದ್ದಳು. ಎರಡೂ ಮಣಿಕಟ್ಟಿನ ಮೇಲೆ ಬೆರಳು ಒತ್ತಿದ ನೀಲಿ ಗುರುತಿತ್ತು.

ಲಿಫ್ಟು ನಿಂತಿತು.

ನಾನುಲಿಯ ಮನೆ ಬಾಗಿಲು ತೆರೆದೇ ಇತ್ತು. ಒಳಗೆ ಕಾಲಿಟ್ಟರೆ ಉದ್ದನೆಯ ಕತ್ತಲ ಓಣಿ. ಹೊರಗಿನ ಬಿಸಿಲಿನಿಂದ ಬಂದವರಿಗೆ ಕಣ್ಣೇ ಕಾಣುವುದಿಲ್ಲ. ನಾಲ್ಕು ದಿನದಿಂದ ನೋಡುತ್ತಿದ್ದೇನೆ, ಮೊದಲ ಸಲ ಬಂದ ಪ್ರತಿಯೊಬ್ಬರೂ ಬಾಗಿಲ ಪಕ್ಕದ ಗೋಡೆಯನ್ನು ಎದೆಮಟ್ಟದಲ್ಲಿ ತಡವುತ್ತಾರೆ. ಅಲ್ಲಿ ಸ್ವಿಚ್ಚಿಲ್ಲ. ನಾನುಲಿ ಇಪ್ಪತ್ತಾರು ವರ್ಷ ಕ್ರೇನ್ ನಡೆಸಿದವಳು. ಕಾರ್ಖಾನೆ ಮುಚ್ಚಿದ ದಿನ ತನ್ನ ಕ್ರೇನಿನ ಒಂದು ತಿರುಪು ಹಿಡಿಕೆಯನ್ನು ಚೀಲದಲ್ಲಿ ಹಾಕಿಕೊಂಡು ಬಂದು, ಅದನ್ನೇ ದೀಪದ ಸ್ವಿಚ್ಚು ಮಾಡಿ, ಕೋಟುಗಳು ನೇತಾಡುವ ಜಾಗದ ಹಿಂದೆ ಮೊಣಕಾಲಿನ ಎತ್ತರಕ್ಕೆ ಕೂರಿಸಿದ್ದಳು. ಸೀಟಿನಲ್ಲಿ ಕೂತರೆ ಕೈಗೆ ಸಿಗುತ್ತಿದ್ದದ್ದು ಅಲ್ಲೇ ಅಂತೆ.

ನಾನು ಬೇಕೆಂದೇ ಒಂದು ಹೆಜ್ಜೆ ಹಿಂದೆ ಉಳಿದೆ.

ಕಂಕಾವ ಗೋಡೆ ತಡವಲಿಲ್ಲ. ಸೊಂಟ ಬಗ್ಗಿಸಿ, ಕೋಟುಗಳ ಹಿಂದೆ ಕೈ ತೂರಿಸಿ, ಹಿಡಿಕೆಯನ್ನು ಬಲಕ್ಕೆ ತಿರುಗಿಸಿದ. ದೀಪ ಹತ್ತಿತು.

ತಾನೇನು ಮಾಡಿದೆನೆಂದು ಅವನಿಗೇ ತಿಳಿಯಲಿಲ್ಲ. ಕೋಟು ಸರಿಮಾಡಿಕೊಂಡು, ಮುಖವನ್ನು ಸಪ್ಪಗೆ ಮಾಡಿಕೊಂಡು ಒಳಕೋಣೆಗೆ ನಡೆದ.

ಅಲ್ಲಿ ಹೆಂಗಸರು ಶವಪೆಟ್ಟಿಗೆಯ ಸುತ್ತ ಕೂತಿದ್ದರು. ನಾನುಲಿಯ ಮಣಿಕಟ್ಟುಗಳಿಗೆ ಯಾರೋ ಕರಿ ಬಟ್ಟೆ ಸುತ್ತಿದ್ದರು. ಕಂಕಾವ ಪದ್ಧತಿಯಂತೆ ಒಂದು ಸುತ್ತು ಬಂದ. ತಲೆ ಬಾಗಿಸಿದ. “ನಾವು ಒಟ್ಟಿಗೇ ಕಟ್ಟಿದ ಕಾರ್ಖಾನೆ” ಎಂದು ಏನೋ ಶುರುಮಾಡಿದ. ಯಾರೂ ಅಳಲಿಲ್ಲ, ಮುಖ ಎತ್ತಿಯೂ ನೋಡಲಿಲ್ಲ. ಅವನು ಬಂದ ದಾರಿಯಲ್ಲೇ ಹೊರಡಲು ತಿರುಗಿದ.

“ಸತ್ತವರ ಹೆಸರಲ್ಲಿ ಒಂದು ಲೋಟ ತಗೊಳ್ಳದೆ ಹೋಗ್ತೀರಾ ಸಾಹೇಬ್ರೇ?” ಎಂದೆ, ಎಲ್ಲರಿಗೂ ಕೇಳುವಂತೆ. “ಅಡುಗೆಮನೇಲಿ ಗೋಚಾ ಬಗ್ಗಿಸ್ತಾನೆ.”

ಇಷ್ಟು ಜನರೆದುರು ಅದಕ್ಕೆ ಇಲ್ಲವೆನ್ನುವ ಗಂಡಸು ನಮ್ಮ ದೇಶದಲ್ಲಿಲ್ಲ. ಬಂದ. ಅಂಗರಕ್ಷಕ ಓಣಿಯಲ್ಲಿ ನಿಂತ. ನಾನು ಅಡುಗೆಮನೆಯ ಬಾಗಿಲನ್ನು ಅವನ ಮುಖಕ್ಕೇ ಮುಚ್ಚಿದೆ.

ಗೋಚಾ ಹೂಜಿಯಿಂದ ವೈನ್ ಸುರಿದ. ಕಂಕಾವ ಲೋಟ ಎತ್ತಿ, “ದೇವರು ಒಳ್ಳೇದು ಮಾಡಲಿ ಅವಳಿಗೆ” ಎಂದ.

“ಮೊದಲ ಸಲ ಬಂದಿರೋದು ಅಂದ್ರಲ್ಲ ಕೆಳಗೆ?”

“ಹೌದಮ್ಮ. ಪೊಲೀಸರಿಗೂ ಹಾಗೇ ಹೇಳಿದೀನಿ. ಮಾತುಕತೆ ಎಲ್ಲ ನನ್ನ ಮ್ಯಾನೇಜರ್ ನೋಡ್ಕೋತಿದ್ದ.”

“ಮತ್ತೆ ಓಣಿ ದೀಪದ ಹಿಡಿಕೆ ಎಲ್ಲಿದೆ ಅಂತ ನಿಮಗೆ ಮ್ಯಾನೇಜರ್ ಹೇಳಿದ್ನಾ?”

ಲೋಟ ತುಟಿಯ ಹತ್ತಿರವೇ ನಿಂತಿತು.

“ಯಾವ ಹಿಡಿಕೆ?”

“ಈಗ ತಾನೇ ಬಗ್ಗಿ ತಿರುಗಿಸಿದ್ರಲ್ಲ. ನಾನು ಪತ್ತೇದಾರಿಣಿ, ನಾನೇ ಮೊದಲ ದಿನ ಗೋಡೆಗೆ ಹಣೆ ಚಚ್ಚಿಕೊಂಡೆ. ನೀವು ಮಾತ್ರ ಸ್ವಂತ ಮನೆ ಥರ.”

ಕಂಕಾವ ಲೋಟ ಕೆಳಗಿಟ್ಟ. ಆಮೇಲೆ ನಕ್ಕ. ಆ ನಗು ನನಗೆ ಗೊತ್ತು, ಹಿಟ್ಟಿನ ಲಾರಿಯ ಮೇಲೆ ನಿಂತಾಗಲೂ ಅದೇ ನಗು.

“ಲಾಮಾರಾ, ಕೆಲಸದಿಂದ ಒದ್ದೋಡಿಸಿದ ಮೇಲೂ ಬುದ್ಧಿ ಬರಲಿಲ್ವಲ್ಲೇ ನಿನಗೆ. ಸರಿ, ಬಂದಿದ್ದೆ. ಒಂದ್ಸಲ. ಅವಳು ಸಾಯೋ ಹಿಂದಿನ ವಾರ. ಮುದುಕಿ ಟೀ ಕೊಟ್ಟಳು, ಜಾಮ್ ಕೊಟ್ಟಳು. ನಾಲ್ಕು ಒಳ್ಳೇ ಮಾತಾಡಿ ಹೋದೆ. ತಪ್ಪಾ?”

“ತಪ್ಪಿಲ್ಲ. ಪೊಲೀಸರಿಗೆ ಸುಳ್ಳು ಯಾಕೆ ಹೇಳಿದ್ರಿ?”

“ಕೊಲೆ ಕೇಸು. ನನ್ನಂಥವನ ಹೆಸರು ಪೇಪರಲ್ಲಿ ಬರಬಾರದು ಅಂತ. ಅಷ್ಟೂ ಅರ್ಥವಾಗಲ್ವಾ?”

“ಆಗುತ್ತೆ. ಹೇಗೆ ಬಂದ್ರಿ ಮೇಲೆ?”

“ಹೇಗೆ ಅಂದ್ರೆ? ಒಂಬತ್ತು ಮಹಡಿ ಹತ್ತೋ ವಯಸ್ಸಾ ನಂದು? ಈಗ ಬಂದ ಹಾಗೇ. ಲಿಫ್ಟಲ್ಲಿ.”

“ಜೊತೆಗೆ ಯಾರಿದ್ರು?”

“ಯಾರೂ ಇಲ್ಲ. ಒಬ್ಬನೇ ಬಂದೆ, ಒಬ್ಬನೇ ಇಳಿದೆ. ನೋಡು, ಬಡವರ ಮನೆಗೆ ಬರುವಾಗ ನಾನು ಹಿಂಡು ಕಟ್ಟಿಕೊಂಡು ಬರಲ್ಲ.”

“ದೊಡ್ಡತನ,” ಎಂದೆ. “ಲಿಫ್ಟಿಗೆ ಏನು ಹಾಕಿದ್ರಿ?”

“ಏನು ಹಾಕೋದು?”

“ನಾನು ಕೇಳ್ತಿರೋದೂ ಅದನ್ನೇ. ಏನು ಹಾಕಿದ್ರಿ?”

ಅವನು ಗೋಚಾನ ಮುಖ ನೋಡಿದ. ಗೋಚಾ ಹೂಜಿಯ ಮುಖ ನೋಡಿದ.

“ಗುಂಡಿ ಒತ್ತಿದೆ,” ಎಂದ ಕಂಕಾವ ಕೊನೆಗೆ. “ಹಾಕೋದೇನು ಬಂತು ಲಿಫ್ಟಿಗೆ?”

ನಾನು ಮೇಜಿಗೆ ಅಂಗೈ ಬಡಿದೆ.

“ಕಾಸು, ಕಾಮ್ರೇಡ್ ಕಾರ್ಯದರ್ಶಿಗಳೇ! ಕಾಸು ಹಾಕಬೇಕು. ಕೆಳಗಿದೆಯಲ್ಲ ತಟ್ಟೆ, ಅದು ಭಿಕ್ಷೆದಲ್ಲ. ಸಾವಿಗೆ ಬಂದವರ ಲಿಫ್ಟಿನ ಕಾಸು. ನೀವು ಅದಕ್ಕೆ ನೂರರ ನೋಟು ದಾನ ಮಾಡಿ ಕ್ಯಾಮೆರಾ ಮುಂದೆ ಶಿಲುಬೆ ಹಾಕಿಕೊಂಡ್ರಿ. ಇಡೀ ಊರಿಗೆ ಗೊತ್ತಿರೋದು ನಿಮಗೆ ಗೊತ್ತಿಲ್ಲ, ಯಾಕಂದ್ರೆ ಈ ಲಿಫ್ಟನ್ನ ನೀವು ಇವತ್ತಿನವರೆಗೆ ಹತ್ತೇ ಇಲ್ಲ. ಈ ಊರಲ್ಲಿ ಜನ ಕಾಲು ನೋವು ಅಂತ ಲಿಫ್ಟ್ ಹತ್ತಬೇಕೋ, ಆ ಕಾಸಿಗೆ ಬ್ರೆಡ್ ತರಬೇಕೋ ಅಂತ ಯೋಚನೆ ಮಾಡೋದು ನಿಮ್ಮ ಕಿವಿಗೂ ಬಿದ್ದಿಲ್ಲ. ಮಂಡಿ ಬಾತುಕೊಂಡಿದ್ರೂ ಈ ಮುದುಕಿ ನಡೆದೇ ಇಳೀತಿದ್ದಳು. ಇಪ್ಪತ್ತಾರು ವರ್ಷ ಟನ್‌ಗಟ್ಟಲೆ ಉಕ್ಕು ಮೇಲಕ್ಕೆತ್ತಿದವಳು! ಅವಳನ್ನ ಎತ್ತೋ ಯೋಗ್ಯತೆ ಇಲ್ಲ ನೀವು ಬಿಟ್ಟುಹೋದ ಈ ಊರಿಗೆ!”

“ಕೂಗಾಡಬೇಡ. ಮೆಟ್ಟಿಲಲ್ಲಿ ಬಂದೆ. ಮರೆತಿದ್ದೆ.”

“ಬೆಂಚಿನ ಮುಂದೆಯೇ? ನಿಮ್ಮ ಮುಖ ದಿನಾ ಟಿವೀಲಿ ಬರುತ್ತೆ. ನೀವು ಎರಡನೇ ಬಾಗಿಲಿಗೆ ಕಾಲಿಟ್ಟಿದ್ರೆ ದಾರಿಕೋ ಸಂಜೆಯೊಳಗೆ ನೀವು ಹಾಕಿದ್ದ ಕಾಲುಚೀಲದ ಬಣ್ಣ ಇಡೀ ಬೀದಿಗೆ ಹೇಳಿರ್ತಿದ್ದಳು. ಅವತ್ತೂ ಇಲ್ಲ, ಹಿಂದಿನ ವಾರವೂ ಇಲ್ಲ. ಅವರ್ಯಾರೂ ನಿಮ್ಮನ್ನ ಇಲ್ಲಿ ಕಂಡೇ ಇಲ್ಲ. ಆದ್ರೂ ಈ ಮನೆಯ ದೀಪದ ಹಿಡಿಕೆ ನಿಮ್ಮ ಕೈಗೆ ಗೊತ್ತು. ಹಾಗಾದ್ರೆ ಕೆಳಗಿನಿಂದ ಬಂದಿಲ್ಲ. ಮೇಲಿನಿಂದ ಬಂದಿದೀರಿ.”

ಕಂಕಾವ ಲೋಟವನ್ನು ಮೇಜಿನ ಮೇಲೆ ಮೆಲ್ಲಗೆ ತಿರುಗಿಸತೊಡಗಿದ.

“ಮೂರನೇ ಬಾಗಿಲಿನ ಮನೆಗಳೆಲ್ಲ ನಿಮ್ಮವು. ಅಲ್ಲಿನ ಕಾವಲಿನವನು ನಿಮ್ಮವನು. ಅಲ್ಲಿನ ಲಿಫ್ಟಿನ ಡಬ್ಬಿಯನ್ನ ನಿಮ್ಮ ಜನ ಕಿತ್ತುಹಾಕಿದಾರೆ, ನಾನೇ ಹೋಗಿ ನೋಡಿದೆ, ಗುಂಡಿ ಒತ್ತಿದರೆ ಸಾಕು. ಅಲ್ಲಿ ಹತ್ತಿದ್ರಿ. ತಾರಸಿ ನಾಲ್ಕೂ ಬಾಗಿಲಿಗೆ ಒಂದೇ. ತಾರಸಿ ದಾಟಿ, ಈ ಕಡೆ ಮೆಟ್ಟಿಲಿಳಿದರೆ ಎದುರಿಗೇ ನಾನುಲಿಯ ಮನೆ. ಕದ್ದು ಬರೋದಕ್ಕೆ ಅದೇ ದಾರಿ. ಟೀ ಕುಡಿಯೋಕೆ ಯಾರೂ ತಾರಸಿ ಮೇಲಿಂದ ಬರಲ್ಲ.”

ನಾನು ಗೆದ್ದೆ ಎಂದುಕೊಂಡೆ. ಇನ್ನು ಇರ್ಮಾಳನ್ನು ಕರೆತರುವುದೊಂದೇ ಬಾಕಿ, ಬೇಕಾದರೆ ಆ ಟಿವಿಯವನ ಮುಂದೆಯೇ ಇದನ್ನೆಲ್ಲ ಹೇಳುತ್ತೇನೆ ಎಂದು ಮನಸ್ಸಿನಲ್ಲೇ ಮಾತು ಜೋಡಿಸಿಕೊಳ್ಳುತ್ತಿದ್ದೆ.

ಕಂಕಾವ ಲೋಟ ತೆಗೆದುಕೊಂಡು ಕೊನೆಯ ಹನಿಯವರೆಗೆ ಕುಡಿದ. ಕರವಸ್ತ್ರದಿಂದ ತುಟಿ ಒರೆಸಿಕೊಂಡ.

“ಚೆನ್ನಾಗಿದೆ. ಆದ್ರೆ ಒಂದು ಹೇಳು. ತಾರಸಿಯಿಂದ ನಿಮ್ಮ ಮೆಟ್ಟಿಲಿಗೆ ಇಳಿಯೋ ಬಾಗಿಲು ಕಬ್ಬಿಣದ್ದು. ಬೀಗ ಇರೋದು ನಿಮ್ಮ ಕಡೆ, ಒಳಗೆ. ಕೀಲಿ ಇರೋದು ನಿಮ್ಮ ಬಾಗಿಲಿನವರ ಹತ್ರ. ಬೀಗ ಮುರಿದಿಲ್ಲ, ಪೊಲೀಸರು ನೋಡಿದಾರೆ. ನಾನು ಗಾಳೀಲಿ ತೂರಿ ಬಂದ್ನಾ?”

ನಿಜ ಹೇಳಬೇಕೆಂದರೆ ಈ ಪ್ರಶ್ನೆಯನ್ನು ನಾನು ಇನ್ನೂ ಕೇಳಿಕೊಂಡೇ ಇರಲಿಲ್ಲ.

“ಯೋಚನೆ ಮಾಡು,” ಎಂದು ಅವನು ಎದ್ದ. ಕೋಟಿನ ಗುಂಡಿ ಹಾಕಿಕೊಳ್ಳುತ್ತ, ಹವಾಮಾನದ ಮಾತಾಡುವಂತೆ ಹೇಳಿದ: “ಅಷ್ಟು ಅವಸರವೇನಿಲ್ಲ. ಆ ಇರ್ಮಾ ಬೆಳಿಗ್ಗೆಯೇ ಒಪ್ಪಿಕೊಂಡಳು. ನಾನೇ ತಳ್ಳಿದೆ ಅಂತ ಹೇಳಿ ಸಹಿ ಹಾಕಿದಾಳೆ. ಗೋಚಾ, ನಿನ್ನ ಪತ್ತೇದಾರಿಣಿಗೆ ಹೇಳಿಲ್ವೇನೋ?”

ಬಾಗಿಲು ತೆರೆದುಕೊಂಡು ಹೋದ.

ನಾನು ಗೋಚಾನ ಕಡೆ ತಿರುಗಿದೆ. ಹೂಜಿ ಅವನ ಕೈಯಲ್ಲೇ ಇತ್ತು. ವೈನು ಅವನ ಅಂಗಿಯ ಮೇಲೆ ಚೆಲ್ಲಿ ಕೆಳಗೆ ಸೋರುತ್ತಿತ್ತು. ಅವನಿಗೆ ಅದರ ಗಮನವಿರಲಿಲ್ಲ.

“ಸುಳ್ಳಲ್ವಾ? ಗೋಚಾ, ಸುಳ್ಳು ತಾನೇ ಅವನು ಹೇಳಿದ್ದು?”

“ನಿಜ ಅಕ್ಕ.”

“ಹೊಡೆದ್ರಾ ಅವಳನ್ನ?”

“ಇಲ್ಲ. ನೀನೇ ಒಪ್ಪಿಕೋ, ಇಲ್ಲ ಅಂದ್ರೆ ತಾರಸಿ ಬೀಗ ತೆಗೆದವನನ್ನ ಹುಡುಕ್ತೀವಿ, ಕೊಲೆ ಅವನ ತಲೆಗೇ ಕಟ್ತೀವಿ ಅಂದ್ರಂತೆ ಪೊಲೀಸರು. ಅಷ್ಟು ಕೇಳಿದ್ದೇ ಪೆನ್ನು ಕೊಡಿ ಅಂದಳಂತೆ.”

ಒಳಕೋಣೆಯಲ್ಲಿ ಹೆಂಗಸರು ಶೋಕಗೀತೆ ಶುರುಮಾಡಿದರು. ಗೋಚಾ ದನಿ ತಗ್ಗಿಸಿದ.

“ಆ ಬೀಗ ನಾನೇ ಎರಡು ಸಲ ತೆಗೆದಿಟ್ಟೆ ಅಕ್ಕ. ಅಜ್ಜಿ ಜೊತೆ ಗುಟ್ಟಾಗಿ ಮಾತಾಡಬೇಕು, ಅಕ್ಕಪಕ್ಕದವರು ನೋಡಿದ್ರೆ ಅವಳಿಗೇ ಮುಜುಗರ ಅಂದ ಕಂಕಾವ. ಹೊಸ ಗೋಪುರ ಕಟ್ಟುವಾಗ ಕೆಲಸ ಕೊಡ್ತೀನಿ ಅಂದ. ಹನ್ನೊಂದು ವರ್ಷ ಆಯ್ತು ನನಗೆ ಒಂದು ನೆಟ್ಟಗಿನ ಕೆಲಸ ಸಿಕ್ಕಿ. ಮಾತಾಡಿ ಹೋಗ್ತಾನೆ ಅಂದ್ಕೊಂಡೆ.”

ನನಗೆ ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಆದರೆ ಹಸಿದವನ ಮುಂದೆ ಹಿಟ್ಟಿನ ಮೂಟೆ ಇಟ್ಟವನ ಮುಖವೇ ಕಣ್ಣ ಮುಂದೆ ಬಂದು ಕೈ ಮೇಲೇಳಲಿಲ್ಲ.

“ಇರ್ಮಾಗೆ ಗೊತ್ತಿತ್ತಾ?”

“ಅಜ್ಜಿ ಸತ್ತ ದಿನ ಸಂಜೆ ಹೇಳಿದೆ. ಅವಳು ನನ್ನ ಬಾಯಿ ಮುಚ್ಚಿದಳು. ಸಾಯೋವರೆಗೂ ಯಾರಿಗೂ ಹೇಳಬೇಡ ಅಂದಳು. ನಾನು ನಿಮ್ಮ ಹತ್ರ ಬಂದಿದ್ದು... ನಾನು ಹೇಳದೆಯೇ ನೀವು ಕಂಡುಹಿಡೀತೀರಿ ಅಂತ.”

“ಈಗ ಹೇಳಬೇಕು. ಕೋರ್ಟಿನಲ್ಲಿ. ಅವನು ಬಂದ ಅನ್ನೋಕೆ ಈ ಭೂಮಿ ಮೇಲೆ ನೀನೊಬ್ಬನೇ ಸಾಕ್ಷಿ. ನೀನು ಬಾಯಿ ಬಿಡದಿದ್ರೆ ಅವಳು ಮುದುಕಿಯಾಗಿ ಹೊರಗೆ ಬರ್ತಾಳೆ ಗೋಚಾ.”

“ಬಿಟ್ಟರೆ ನಾನು ಒಳಗೆ.”

“ಇರಬಹುದು.”

ಅವನು ಹೂಜಿಯನ್ನು ಮೇಜಿನ ಮೇಲಿಟ್ಟ. ಏನೋ ಹೇಳಲು ತುಟಿ ಬಿಚ್ಚಿದ. ಅಷ್ಟರಲ್ಲಿ ಬಾಗಿಲಲ್ಲಿ ಬೆಳಕು ಮರೆಯಾಯಿತು. ಅಂಗರಕ್ಷಕ.

“ಗೋಚಾ, ಸಾಹೇಬ್ರು ಕಾರಲ್ಲಿ ಕಾಯ್ತಿದಾರೆ,” ಎಂದ ಆತ, ತುಂಬ ಮರ್ಯಾದೆಯಿಂದ. “ಕೆಲಸದ ವಿಷಯ ಮಾತಾಡಬೇಕಂತೆ. ಈಗಲೇ ಬರಬೇಕಂತೆ.”

“ಹೋಗಬೇಡ,” ಎಂದೆ ನಾನು.

ಗೋಚಾ ನನ್ನ ಮುಖ ನೋಡಲಿಲ್ಲ. ಒದ್ದೆಯಾದ ಅಂಗಿಯ ಮೇಲೆ ಕೋಟು ಹಾಕಿಕೊಂಡು ಅಂಗರಕ್ಷಕನ ಹಿಂದೆ ನಡೆದ.